ಅಡ್ಡಲಾಗಿ ಎಸೆದ ಕಲ್ಲು ನೆಲ ಮುಟ್ಟಲು ಎಷ್ಟು ಹೊತ್ತು ಬೇಕು?

ಪ್ರಶ್ನೆ: ಕೋಟೆಗೋಡೆಯ ಮೇಲಿಂದ ಎರಡು ಕಲ್ಲುಗಳನ್ನು ನೆಲಕ್ಕೆ ಸಮಾಂತರವಾಗಿ, ಒಂದನ್ನು ಮೆಲ್ಲಗೆ, ಇನ್ನೊಂದನ್ನು ಜೋರಾಗಿ ಎಸೆದರೆ ಎರಡೂ ಒಟ್ಟಿಗೇ ನೆಲ ಮುಟ್ಟುತ್ತವೆ ಎಂದು ನಮ್ಮ ಉಪನ್ಯಾಸಕರು ಹೇಳಿದರು. ದೂರ ಹೋಗುವ ಕಲ್ಲಿಗೆ ಹೆಚ್ಚು ಹೊತ್ತು ಹಿಡಿಯಲೇಬೇಕು ಎಂಬುದು ಗೆಳತಿಯ ವಾದ. ಯಾವುದು ಸರಿ?
– ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಬೀದರ್

ಉತ್ತರ: ಸಮತಟ್ಟಾದ ನೆಲದ ಮಟ್ಟಿಗೆ ನಿಮ್ಮ ಉಪನ್ಯಾಸಕರ ಮಾತೇ ಸರಿ. ಕಲ್ಲು ಕೈಬಿಡುವ ಕ್ಷಣದಲ್ಲಿ ಅದರ ವೇಗವೆಲ್ಲ ಅಡ್ಡ ದಿಕ್ಕಿನಲ್ಲಿರುತ್ತದೆ. ಕೆಳಮುಖವಾಗಿ ಅದರ ವೇಗ ಸೊನ್ನೆ. ಗುರುತ್ವವು ಕೆಳಕ್ಕೆ ಮಾತ್ರ ಎಳೆಯುವುದರಿಂದ, ಬೀಳುವ ಅವಧಿಯನ್ನು ನಿರ್ಧರಿಸುವುದು ಎತ್ತರವೇ ಹೊರತು ಎಸೆತದ ಬಿರುಸಲ್ಲ. ಎರಡು ದಿಕ್ಕಿನ ಚಲನೆಗಳನ್ನು ಹೀಗೆ ಬಿಡಿಸಿ ನೋಡುವ ಕ್ರಮವನ್ನು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ.

ಮೀಟರಿನಲ್ಲಿರುವ ಎತ್ತರವನ್ನು ಎರಡರಿಂದ ಗುಣಿಸಿ, 9.8ರಿಂದ ಭಾಗಿಸಿ, ಬಂದ ಸಂಖ್ಯೆಯ ವರ್ಗಮೂಲ ತೆಗೆದರೆ ಅವಧಿ ಸೆಕೆಂಡುಗಳಲ್ಲಿ ಸಿಗುತ್ತದೆ. ಎತ್ತರ 20 ಮೀಟರ್ ಎಂದಿಟ್ಟುಕೊಂಡರೆ 40ನ್ನು 9.8ರಿಂದ ಭಾಗಿಸಿದಾಗ 4.08 ಬರುತ್ತದೆ, ಅದರ ವರ್ಗಮೂಲ 2.02. ಸೆಕೆಂಡಿಗೆ 5 ಮೀಟರ್ ವೇಗದ ಕಲ್ಲು ಅಷ್ಟರಲ್ಲಿ 10.1 ಮೀಟರ್ ದೂರಕ್ಕೂ, 15 ಮೀಟರ್ ವೇಗದ್ದು 30.3 ಮೀಟರ್ ದೂರಕ್ಕೂ ಹೋಗಿ ಬೀಳುತ್ತವೆ. ಎಸೆತದ ವೇಗವನ್ನು ಲಂಬ ದಿಕ್ಕಿನ ಸಮೀಕರಣದೊಳಗೆ ತುರುಕುವುದೇ ಪರೀಕ್ಷೆಗಳಲ್ಲಿ ಅಂಕ ಕಳೆಯುವ ತಪ್ಪು.

ಆದರೆ ನೀವು ಕೋಟೆಯ ಮಾತೆತ್ತಿದ್ದೀರಿ, ಬೀದರ್ ಕೋಟೆಯ ಸುತ್ತ ಬಂಡೆ ಕೊರೆದು ಮಾಡಿದ ಕಂದಕವಿದೆ. ಲೆಕ್ಕಕ್ಕಾಗಿ ಗೋಡೆಯ ಬುಡದಿಂದಲೇ 20 ಮೀಟರ್ ಅಗಲದ, ಹೊರನೆಲಕ್ಕಿಂತ 10 ಮೀಟರ್ ಆಳದ ಕಂದಕವೊಂದನ್ನು ಊಹಿಸಿಕೊಳ್ಳಿ (ಕಾಗದದ ಮೇಲೆ ಮಾತ್ರ, ಸ್ಮಾರಕದ ಮೇಲಿಂದ ಕಲ್ಲೆಸೆಯುವುದು ಬೇಡ). ಜೋರಾಗಿ ಎಸೆದ ಕಲ್ಲು ಕಂದಕವನ್ನು ದಾಟಿ 2.02 ಸೆಕೆಂಡಿನಲ್ಲಿ ಹೊರನೆಲ ಮುಟ್ಟುತ್ತದೆ. ಮೆಲ್ಲಗೆ ಎಸೆದದ್ದು ಕಂದಕದೊಳಗೆ ಇಳಿದು ಒಟ್ಟು 30 ಮೀಟರ್ ಬೀಳಬೇಕಾದ್ದರಿಂದ ಅದಕ್ಕೆ 2.47 ಸೆಕೆಂಡ್ ಬೇಕು. ಇಲ್ಲಿ ತಡವಾಗುವುದು ನಿಧಾನದ ಕಲ್ಲಿಗೇ! ಆದ್ದರಿಂದ ಸೂತ್ರಕ್ಕೆ ಕೈಹಾಕುವ ಮೊದಲು ಕಲ್ಲು ಎಲ್ಲಿ ಬೀಳುತ್ತದೆ ಎಂಬುದನ್ನು ನೋಡಿಕೊಳ್ಳಬೇಕು.

ಗೆಳತಿಯ ವಾದದಲ್ಲಿಯೂ ಒಂದು ಎಳೆ ನಿಜವಿದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಎರಡು ದಿಕ್ಕುಗಳು ಪೂರ್ತಿ ಸ್ವತಂತ್ರವಾಗಿ ಉಳಿಯುವುದಿಲ್ಲ. ಒಟ್ಟು ವೇಗ ಹೆಚ್ಚಿದಂತೆ ತಡೆಯೂ ಹೆಚ್ಚಿ, ಅದರ ಒಂದು ಪಾಲು ಬೀಳುವಿಕೆಯನ್ನೂ ಹಿಡಿದಿಡುವುದರಿಂದ, ಬಿರುಸಿನ ಕಲ್ಲು ಸಮತಟ್ಟು ನೆಲದಲ್ಲಿಯೂ ಕೊಂಚ ತಡವಾಗಿ ಬೀಳುತ್ತದೆ. ಕೈಯಿಂದೆಸೆದ ಕಲ್ಲಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಸಣ್ಣದು. ತೋಪಿನ ಗುಂಡಿನ ವಿಷಯದಲ್ಲಿ ಅದನ್ನು ಕಡೆಗಣಿಸುವಂತಿಲ್ಲ.