ಕ್ಯಾಥರಿನ್ ಪಿಯರ್ಸ್ ಹೂಡಿದ ಸಂಚುಗಳೆಲ್ಲ ಪ್ರೀತಿಗಾಗಿಯೇ?

ರಕ್ತಪಿಶಾಚಿಗಳ ಕಥೆಯಾದ ‘ದಿ ವ್ಯಾಂಪೈರ್ ಡೈರೀಸ್’ ಧಾರಾವಾಹಿಯ ಕ್ಯಾಥರಿನ್ ಪಿಯರ್ಸ್ ಹೂಡಿದ ಸಂಚುಗಳ ಹಿಂದೆ ಇದ್ದದ್ದು ಸ್ಟೆಫನ್ ಎಂಬವನ ಮೇಲಿನ ಪ್ರೀತಿಯೇ, ಅಥವಾ ಆಕೆ ಮೊದಲಿನಿಂದಲೂ ಬರೀ ಸ್ವಾರ್ಥಿಯೇ ಎಂದು ನೀವು ಕೇಳಿದ್ದೀರಿ. ಈ ಎರಡು ಉತ್ತರಗಳಲ್ಲಿ ಯಾವುದನ್ನೂ ನಾನು ಪೂರ್ತಿ ಒಪ್ಪಲಾರೆ. ಆಕೆಯ ಸಂಚುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಎಲ್ಲದರಲ್ಲೂ ನಡೆಯುವ ಕೆಲಸ ಒಂದೇ: ಇನ್ನೊಬ್ಬರನ್ನು ಒಪ್ಪಿಸಿ ತನ್ನನ್ನು ಬಿಡಿಸಿಕೊಳ್ಳುವುದು. ಆ ಕೆಲಸವನ್ನು ಆಕೆ ಎಲ್ಲಿ ಕಲಿತಳು, ಎಲ್ಲಿ ಕೈಬಿಟ್ಟಳು ಎಂಬುದು ತಿಳಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

ನಾನು ಬಳ್ಳಾರಿಯವಳು, ಶಾಲಾ ಶಿಕ್ಷಕಿ. ರಾತ್ರಿ ಹತ್ತಾದರೂ ಗೋಡೆಯ ಕಾವು ಇಳಿಯದ ನಮ್ಮ ಬೇಸಿಗೆಯಲ್ಲಿ, ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು, ಕಾಲೇಜಿನಲ್ಲಿ ಓದುವ ನನ್ನ ಅಣ್ಣನ ಮಗಳ ಜೊತೆ ಈ ಧಾರಾವಾಹಿಯ ಎಂಟೂ ಸೀಸನ್ನುಗಳನ್ನು ಮೊಬೈಲಿನಲ್ಲಿ ನೋಡಿದ್ದೇನೆ. ಕ್ಯಾಥರಿನ್ ವಿಷಯದಲ್ಲಿ ನಮ್ಮಿಬ್ಬರಿಗೆ ಇಂದಿಗೂ ಒಮ್ಮತವಿಲ್ಲ. “ಅತ್ತೆ, ಆಕಿ ಯಾರನ್ನೂ ಪ್ರೀತಿ ಮಾಡಿಲ್ಲ, ಎಲ್ಲಾರೂ ತನ್ನ ಹಿಂದ ಬರಬೇಕು ಅನ್ನೋದಷ್ಟ ಆಕಿಗೆ” ಎಂಬುದು ಅವಳ ವಾದ. ಅವಳ ವಾದದಲ್ಲಿ ಬಲವಿದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು 1490. ಮುಂದೆ ಕ್ಯಾಥರಿನ್ ಎನಿಸಿಕೊಳ್ಳುವ, ಬಲ್ಗೇರಿಯಾದ ಕಟೆರಿನಾ ಪೆಟ್ರೋವಾ ಎಂಬ ಹದಿನೇಳರ ಹುಡುಗಿ ಮದುವೆಯಾಗದೆ ತಾಯಿಯಾಗುತ್ತಾಳೆ. ಹೆತ್ತ ಕೂಸನ್ನು ಒಂದೇ ಒಂದು ಸಲ ಎತ್ತಿಕೊಳ್ಳಲು ಕೊಡಿ ಎಂದು ಆಕೆ ಅಂಗಲಾಚುತ್ತಿರುವಾಗಲೇ ತಂದೆ ಅದನ್ನು ತೆಗೆದುಕೊಂಡು ಹೊರಟುಹೋಗುತ್ತಾನೆ. ಪಕ್ಕದಲ್ಲಿರುವ ತಾಯಿ ಮಗಳನ್ನು ಅಪ್ಪಿಕೊಳ್ಳುತ್ತಾಳೆಯೇ ಹೊರತು ಗಂಡನನ್ನು ತಡೆಯುವುದಿಲ್ಲ. ಈ ದೃಶ್ಯದ ಮಾತುಗಳು ಬಲ್ಗೇರಿಯನ್ ಭಾಷೆಯಲ್ಲಿವೆ, ನಟಿ ನೀನಾ ಡೋಬ್ರೆವ್ ಹುಟ್ಟಿದ್ದೂ ಅದೇ ದೇಶದಲ್ಲಿ. ಅರ್ಥವಾಗದ ಭಾಷೆಯಾದರೂ ಆ ಅಳು ನನ್ನನ್ನು ಕಲಕಿತು. ಆಮೇಲೆ ಮನೆಯವರು ಆಕೆಯನ್ನು ಇಂಗ್ಲೆಂಡಿಗೆ ಅಟ್ಟುತ್ತಾರೆ. 1492ರಲ್ಲಿ ಅಲ್ಲಿ ಆಕೆಯನ್ನು ಆದರದಿಂದ ಬರಮಾಡಿಕೊಂಡ ಕ್ಲೌಸ್ ಎಂಬ ಶ್ರೀಮಂತ ಮೂಲ ರಕ್ತಪಿಶಾಚಿಗಳಲ್ಲಿ ಒಬ್ಬ. ತನ್ನ ಮೇಲಿರುವ ಶಾಪ ಕಳೆದುಕೊಳ್ಳಲು ಅವನಿಗೆ ಒಂದು ವಂಶದ ತದ್ರೂಪಿ ಹೆಣ್ಣಿನ ಬಲಿ ಬೇಕು, ಆ ಹೆಣ್ಣು ಕಟೆರಿನಾ. ಗೊತ್ತಾದ ಕೂಡಲೇ ಆಕೆ ಆ ಬಲಿಗೆ ಬೇಕಾದ ಚಂದ್ರಶಿಲೆಯನ್ನು ಕದ್ದು ಓಡುತ್ತಾಳೆ. ಟ್ರೆವರ್ ಎಂಬವನು ನೆರವಾಗುತ್ತಾನೆ, ಅವನ ಗೆಳತಿ, ರಕ್ತಪಿಶಾಚಿ ರೋಸ್ ಮಾತ್ರ ಆಕೆಯನ್ನು ಮರಳಿ ಕ್ಲೌಸ್‌ಗೆ ಒಪ್ಪಿಸಲು ನಿಲ್ಲುತ್ತಾಳೆ. ಆಗ ಕಟೆರಿನಾ ತನ್ನ ಹೊಟ್ಟೆಗೆ ತಾನೇ ಇರಿದುಕೊಂಡು, ಗಾಯ ಮಾಯಲೆಂದು ರೋಸ್ ಕುಡಿಸಿದ ತನ್ನ ರಕ್ತ ಒಡಲಲ್ಲಿರುವಾಗಲೇ ನೇಣು ಹಾಕಿಕೊಂಡು ರಕ್ತಪಿಶಾಚಿಯಾಗುತ್ತಾಳೆ. ಬಲಿಗೆ ಬೇಕಾದದ್ದು ಮನುಷ್ಯರ ರಕ್ತ. ಸತ್ತು ಎದ್ದವಳಿಂದ ಕ್ಲೌಸ್‌ಗೆ ಪ್ರಯೋಜನವಿಲ್ಲ. ಸೇಡಿಗಾಗಿ ಅವನು ಬಲ್ಗೇರಿಯಾದಲ್ಲಿದ್ದ ಆಕೆಯ ಕುಟುಂಬವನ್ನೆಲ್ಲ ಕೊಂದುಹಾಕುತ್ತಾನೆ.

ಈ ಎರಡು ವರ್ಷಗಳಲ್ಲಿ ಆಕೆ ಕಂಡದ್ದೇನು ಎಂದು ಯೋಚಿಸಿ. ಅಪ್ಪ ಮಗುವನ್ನು ಒಪ್ಪಿಸಿದ, ಮನೆಯವರು ಮಗಳನ್ನು ಪರದೇಶಕ್ಕೆ ಒಪ್ಪಿಸಿದರು, ಆಶ್ರಯ ಕೊಟ್ಟವನು ಬಲಿಗೆ ಒಪ್ಪಿಸಲಿದ್ದ, ದಾರಿಯಲ್ಲಿ ಸಿಕ್ಕವಳು ಬಲಿ ಕೊಡುವವನಿಗೇ ಒಪ್ಪಿಸಲು ಹೊರಟಳು. ಕಾಯಬೇಕಾದವರೇ ಒಪ್ಪಿಸಿಬಿಡುತ್ತಾರೆ ಎಂಬ ತಿಳಿವಳಿಕೆ ಆಕೆಯ ಮೂಳೆಗೆ ಇಳಿದಿದೆ. ಆ ಬಳಿಕ ಆಕೆ ಮಾಡಿದ್ದನ್ನೆಲ್ಲ ಈ ಕಣ್ಣಿನಿಂದ ನೋಡಬೇಕು.

ಇಲ್ಲಿ ನನಗೆ ನಮ್ಮ ಕಡೆಯ ದೊಡ್ಡಾಟದ ಶಕುನಿ ನೆನಪಾಗುತ್ತಾನೆ. ಸಿರುಗುಪ್ಪದ ಕಡೆ ಅಜ್ಜಿಯ ಊರಿನಲ್ಲಿ ಸುಗ್ಗಿ ಮುಗಿದ ಮೇಲೆ ಬೆಳತನಕ ಆಟ ನಡೆಯುತ್ತಿತ್ತು. ನಾನು ಅಟ್ಟದ ಮುಂದೆಯೇ ಗೋಣಿತಟ್ಟಿನ ಮೇಲೆ ಅವ್ವನ ಮಗ್ಗುಲಿಗೆ ಕುಳಿತಿದ್ದೆ. ಜೂಜಿನ ಪ್ರಸಂಗ ಬಂದಾಗ ಶಕುನಿಯ ಪಾತ್ರಧಾರಿ ಕುಣಿತ ನಿಲ್ಲಿಸಿದ, ಮದ್ದಳೆಯೂ ನಿಂತಿತು. ಅವನು ದಾಳಗಳನ್ನು ಎರಡೂ ಅಂಗೈಯಲ್ಲಿ ಹಿಡಿದು, ಗುಡಿಯಲ್ಲಿ ಪ್ರಸಾದವನ್ನು ಒತ್ತಿಕೊಳ್ಳುವ ಹಾಗೆ ಕಣ್ಣಿಗೊತ್ತಿಕೊಂಡು, ಆಮೇಲೆ ಎಸೆದ. ಯಾಕೆ ಹಾಗೆ ಮಾಡಿದ ಎಂದು ಕೇಳಿದರೆ ಅವ್ವ ಕಿವಿಯಲ್ಲಿ “ಅವು ಅವರಪ್ಪನ ಎಲುಬು” ಎಂದಳು. ವ್ಯಾಸರ ಭಾರತದಲ್ಲಿ ಇಲ್ಲದ, ಆದರೆ ಜನರ ಬಾಯಲ್ಲಿ ಉಳಿದಿರುವ ಕಥೆ ಅದು: ಗಾಂಧಾರದ ರಾಜನನ್ನೂ ಮಕ್ಕಳನ್ನೂ ಕೌರವರು ಸೆರೆಯಲ್ಲಿಟ್ಟು ಉಪವಾಸ ಕೆಡವಿದಾಗ ಎಲ್ಲರೂ ತಮ್ಮ ಪಾಲಿನ ಅನ್ನವನ್ನು ಶಕುನಿಯೊಬ್ಬನಿಗೆ ಕೊಟ್ಟು ಸತ್ತರು, ಬದುಕಿ ಉಳಿದ ಅವನು ಅಪ್ಪನ ಎಲುಬಿನಿಂದ ದಾಳ ಮಾಡಿಕೊಂಡ. ಪಠಾಣ ರುಸ್ತುಂ, ದುರ್ಯೋಧನ ಮುಂತಾದ ಪಾತ್ರಗಳಿಂದ ಹೆಸರಾದ ಬಳ್ಳಾರಿ ರಾಘವ (1880–1946) ನಮ್ಮ ಊರಿನವರು; ಕೆಟ್ಟವನೆನಿಸಿಕೊಂಡ ಪಾತ್ರದ ಒಳಗನ್ನು ಆಸ್ಥೆಯಿಂದ ನೋಡುವುದು ಇಲ್ಲಿಯ ಪ್ರೇಕ್ಷಕರಿಗೆ ಹೊಸತಲ್ಲ ಎಂದು ನಾನು ಹೆಮ್ಮೆಯಿಂದ ಹೇಳುತ್ತೇನೆ.

ಕ್ಯಾಥರಿನ್‌ಗೂ ಶಕುನಿಗೂ ಮನೆಮಂದಿಯನ್ನೆಲ್ಲ ಕಳೆದುಕೊಂಡ ನೋವು ಸಮಾನ. ಆದರೆ ಶಕುನಿ ತನ್ನವರನ್ನು ಕೊಂದ ಮನೆಯಲ್ಲೇ ಉಳಿದು ಆ ಮನೆಯನ್ನು ಒಳಗಿಂದ ಕೆಡಹುತ್ತಾನೆ. ಕ್ಯಾಥರಿನ್ ಐನೂರು ವರ್ಷಗಳಲ್ಲಿ ಯಾವ ಮನೆಯಲ್ಲೂ ನೆಲೆಯೂರುವುದಿಲ್ಲ, ಕ್ಲೌಸ್‌ನನ್ನು ಮುಗಿಸುವುದನ್ನು ತನ್ನ ವ್ರತವಾಗಿಸಿಕೊಳ್ಳುವುದೂ ಇಲ್ಲ. ಆದ್ದರಿಂದ ಆಕೆಯನ್ನು ಸೇಡಿನ ಹೆಣ್ಣು ಎಂದು ಓದುವವರ ಮಾತು ನನಗೆ ಸರಿಕಾಣುವುದಿಲ್ಲ. ಸೇಡಿಗೆ ಎದುರಾಳಿ ಬೇಕು. ಆಕೆಗೆ ಬೇಕಾದದ್ದು ತನ್ನ ಬದಲು ಕೊಡಬಹುದಾದ ಇನ್ನೊಬ್ಬರು.

1864ರ ಮಿಸ್ಟಿಕ್ ಫಾಲ್ಸ್ ಪ್ರಸಂಗದಲ್ಲಿ ಇದು ಕಣ್ಣಿಗೆ ಕಟ್ಟಿದಂತಿದೆ. ಆ ವರ್ಜಿನಿಯಾದ ಊರಿನಲ್ಲಿ ಆಕೆ ಸಾಲ್ವಟೋರ್ ಸೋದರರಾದ ಸ್ಟೆಫನ್, ಡೇಮನ್ ಇಬ್ಬರನ್ನೂ ಮರುಳು ಮಾಡಿ ಅವರ ಮನೆಯಲ್ಲಿರುತ್ತಾಳೆ, ಗೆಳತಿ ಪರ್ಲ್ ಸೇರಿದಂತೆ ರಕ್ತಪಿಶಾಚಿಗಳ ಒಂದು ಗುಂಪೇ ಅಲ್ಲಿರುತ್ತದೆ. ಊರಿನ ಹಿರಿಯರು ಆ ಗುಂಪನ್ನು ಹಿಡಿದು ಚರ್ಚಿನಲ್ಲಿ ಸುಡಲು ಹೊರಟಾಗ, ಅದರ ಹಿಂದೆ ಕ್ಯಾಥರಿನ್‌ಳದೇ ಒಪ್ಪಂದವಿತ್ತು. ಜಾರ್ಜ್ ಲಾಕ್‌ವುಡ್‌ಗೆ ಚಂದ್ರಶಿಲೆಯನ್ನು ಕೊಟ್ಟು, ತನ್ನ 26 ಜೊತೆಗಾರರನ್ನು ಬಲೆಗೆ ಬೀಳಿಸಿ, ತಾನೂ ಅವರೊಂದಿಗೆ ಸತ್ತಳೆಂದು ಲೋಕ ನಂಬುವಂತೆ ಮಾಡಿ ತಪ್ಪಿಸಿಕೊಳ್ಳುತ್ತಾಳೆ. ಕ್ಲೌಸ್ ತನ್ನನ್ನು ಹುಡುಕುವುದನ್ನು ನಿಲ್ಲಿಸಲಿ ಎಂಬುದೇ ಇದರ ಉದ್ದೇಶ. ಆಕೆ ಚರ್ಚಿನಡಿಯ ಗೋರಿಯಲ್ಲಿ ಸೆರೆಯಾಗಿದ್ದಾಳೆಂದು ನಂಬಿ ಡೇಮನ್ ನೂರಾ ನಲವತ್ತೈದು ವರ್ಷ ಕಾದ. ಹೊರಡುವ ಮುನ್ನ ಆಕೆ ಗುಂಡೇಟು ತಿಂದು ಬಿದ್ದಿದ್ದ ಸ್ಟೆಫನ್ ಬಳಿ ಬಾಗಿ, ತಾನು ಅವನನ್ನು ಪ್ರೀತಿಸುವುದಾಗಿ, ಮತ್ತೆ ಸೇರುವುದಾಗಿ ಹೇಳಿ ಮುತ್ತಿಡುತ್ತಾಳೆ. ನೋಡುವವರು ಯಾರೂ ಮರುಳಾಗಬೇಕಾಗಿಲ್ಲದ ಕ್ಷಣ ಅದು, ಹೀಗಾಗಿ ಆ ಪ್ರೀತಿ ನಟನೆಯಲ್ಲ ಎಂದೇ ನಾನು ನಂಬುತ್ತೇನೆ. ಆದರೂ ಆಕೆ ಎದ್ದು ಗಾಡಿ ಹತ್ತಿ ಹೊರಟುಹೋಗುತ್ತಾಳೆ. ಪ್ರೀತಿ ನಿಜ, ಅದಕ್ಕೆ ಎರಡನೆಯ ಸ್ಥಾನ ಎಂಬುದೂ ನಿಜ.

ಎರಡನೆಯ ಸೀಸನ್ನಿನಲ್ಲಿ ಮರಳಿ ಬಂದಾಗ ಆಕೆ ತನಗೆ ಯಾವಾಗಲೂ ಸ್ಟೆಫನ್ ಒಬ್ಬನೇ ಎಂದು ಡೇಮನ್‌ಗೆ ಹೇಳುತ್ತಾಳೆ. ಬಹುಶಃ ನಿಮ್ಮ ಪ್ರಶ್ನೆ ಹುಟ್ಟಿದ್ದು ಈ ಮಾತಿನಿಂದ. ಆದರೆ ಅದೇ ದಿನಗಳಲ್ಲಿ ಆಕೆಯ ಕೈ ಮಾಡುತ್ತಿರುವ ಕೆಲಸವನ್ನು ನೋಡಿ. ಆಸ್ಪತ್ರೆಯಲ್ಲಿ ಮಲಗಿದ್ದ ಊರಿನ ಹುಡುಗಿ ಕ್ಯಾರೊಲಿನ್‌ಳನ್ನು ದಿಂಬಿನಿಂದ ಉಸಿರುಗಟ್ಟಿಸಿ ರಕ್ತಪಿಶಾಚಿಯಾಗಿಸುತ್ತಾಳೆ. ಮೇಸನ್ ಲಾಕ್‌ವುಡ್ ಒಂದು ಕೊಲೆ ಮಾಡುವಂತೆ ಸನ್ನಿವೇಶ ಹೂಡಿ ಅವನೊಳಗಿನ ತೋಳಮಾನವನನ್ನು ಎಬ್ಬಿಸಿ, ಪ್ರೀತಿಯ ಆಸೆ ತೋರಿಸಿ ಚಂದ್ರಶಿಲೆ ಹುಡುಕಲು ಕಳಿಸುತ್ತಾಳೆ. ಸ್ಟೆಫನ್ ಈಗ ಪ್ರೀತಿಸುತ್ತಿರುವ ಎಲೆನಾಳ ಚಿಕ್ಕಮ್ಮ ಜೆನ್ನಾ ಅಡುಗೆಮನೆಯಲ್ಲಿ ತನ್ನನ್ನು ತಾನೇ ಚಾಕುವಿನಿಂದ ತಿವಿದುಕೊಳ್ಳುವಂತೆ ಮಾಡಿ ಎಲೆನಾ, ಸ್ಟೆಫನ್ ಬೇರೆಯಾಗುವಂತೆ ಬೆದರಿಸುತ್ತಾಳೆ. ಈ ಕೊನೆಯದನ್ನು ಮಾತ್ರ ನೋಡಿದರೆ ಸವತಿ ಮತ್ಸರವೆನಿಸುತ್ತದೆ. ಆದರೆ ಒಟ್ಟು ಲೆಕ್ಕದಲ್ಲಿ ಆಕೆ ಒಂದು ಪಿಶಾಚಿ, ಒಂದು ತೋಳ, ಒಬ್ಬ ಮಾಟಗಾತಿ, ಚಂದ್ರಶಿಲೆ ಮತ್ತು ಹೊಸ ತದ್ರೂಪಿ ಎಲೆನಾ, ಹೀಗೆ ಬಲಿಯ ಸಾಮಗ್ರಿಯನ್ನೆಲ್ಲ ಒಂದೆಡೆ ಕೂಡಿಸುತ್ತಿದ್ದಾಳೆ. ಎಲ್ಲವನ್ನೂ ಕ್ಲೌಸ್ ಮುಂದಿಟ್ಟು, ಇದನ್ನು ತೆಗೆದುಕೊಂಡು ನನ್ನನ್ನು ಬಿಡು ಎಂದು ಕೇಳುವುದೇ ಆಕೆಯ ಯೋಜನೆ. ಸ್ಟೆಫನ್‌ನನ್ನು ಪಡೆಯುವುದೇ ಗುರಿಯಾಗಿದ್ದರೆ, ಅವನು ಪ್ರಾಣಕ್ಕಿಂತ ಹೆಚ್ಚಾಗಿ ಕಾಣುವ ಹುಡುಗಿಯನ್ನು ಬಲಿಗೆ ಕೊಡುವಷ್ಟು ದಡ್ಡ ದಾರಿಯನ್ನು ಅಷ್ಟು ಜಾಣೆ ಹಿಡಿಯುತ್ತಿರಲಿಲ್ಲ.

ನನ್ನ ಅಣ್ಣನ ಮಗಳು ಇಲ್ಲಿ ಕೇಳುವ ಪ್ರಶ್ನೆ ನ್ಯಾಯವಾದದ್ದು. ಹೆದರಿಕೆಯಿಂದ ಮಾಡಿದಳು ಎಂದರೆ ಮಾಡಿದ್ದು ಕಡಿಮೆಯಾಗುತ್ತದೆಯೇ? ಕಡಿಮೆಯಾಗುವುದಿಲ್ಲ. ಆಕೆಗೆ ನೆರವಾದ ಟ್ರೆವರ್, ಜೊತೆಗೆ ರೋಸ್, ಇಬ್ಬರೂ ಆಕೆಯ ದೆಸೆಯಿಂದ ಐನೂರು ವರ್ಷ ತಲೆಮರೆಸಿಕೊಂಡು ಬಾಳಬೇಕಾಯಿತು, ಕೊನೆಗೆ ಟ್ರೆವರ್‌ನ ತಲೆಯೇ ಹೋಯಿತು. ಮೇಸನ್ ಸತ್ತಾಗ ಆಕೆಯ ಮುಖದಲ್ಲಿ ದುಃಖ ಕಾಣುವುದಿಲ್ಲ, ಯೋಜನೆ ಕೆಟ್ಟ ಸಿಟ್ಟಷ್ಟೇ ಕಾಣುತ್ತದೆ. ಉದ್ದೇಶವನ್ನು ಅರಿಯುವುದು ಬೇರೆ, ಕ್ಷಮಿಸುವುದು ಬೇರೆ. ನಾನು ಮೊದಲನೆಯದನ್ನು ಮಾತ್ರ ಮಾಡುತ್ತಿದ್ದೇನೆ. ಆದರೆ ಯಾರನ್ನೂ ಪ್ರೀತಿಸಿಲ್ಲ ಎಂಬ ಅವಳ ಮಾತನ್ನು ನಾನು ಒಪ್ಪದಿರುವುದಕ್ಕೆ ಕಾರಣ ನಾಡಿಯಾ.

ನಾಲ್ಕನೆಯ ಸೀಸನ್ನಿನ ಕೊನೆಗೆ ಎಲೆನಾ ಬಲವಂತವಾಗಿ ಬಾಯಿಗೆ ತುರುಕಿದ ಔಷಧದಿಂದ ಕ್ಯಾಥರಿನ್ ಮತ್ತೆ ಮನುಷ್ಯಳಾಗುತ್ತಾಳೆ, ಬೇಗಬೇಗನೆ ಮುಪ್ಪಾಗತೊಡಗುತ್ತಾಳೆ. ಆಗ ಹುಡುಕಿಕೊಂಡು ಬರುವವಳು 1490ರಲ್ಲಿ ಕಿತ್ತುಕೊಂಡ ಆ ಕೂಸೇ, ನಾಡಿಯಾ. ತಾನೂ ರಕ್ತಪಿಶಾಚಿಯಾಗಿ ಶತಮಾನಗಳಿಂದ ತಾಯಿಯನ್ನು ಅರಸಿದವಳು. ಆಕೆಯ ನೆರವಿನಿಂದಲೇ ಕ್ಯಾಥರಿನ್ ಎಲೆನಾಳ ದೇಹವನ್ನು ಹೊಕ್ಕು ಬದುಕುತ್ತಾಳೆ. ಆಮೇಲೆ ತೋಳಮಾನವನ ಕಡಿತಕ್ಕೆ ಸಿಕ್ಕ ನಾಡಿಯಾ ಸಾಲ್ವಟೋರ್ ಮನೆಯಲ್ಲಿ ಸಾಯುತ್ತ ಮಲಗಿರುತ್ತಾಳೆ. ಕ್ಯಾಥರಿನ್‌ಳ ಗುಟ್ಟು ಬಯಲಾಗಿದೆ, ಆ ಮನೆಯಲ್ಲಿ ಆಕೆಯನ್ನು ಕೊಲ್ಲಲು ಎಲ್ಲರೂ ಕಾದಿದ್ದಾರೆ, ಆಕೆಯ ಕೈಯಲ್ಲಿ ಹೊಸ ದೇಹವಿದೆ, ಓಡಲು ದಾರಿಯೂ ಇದೆ. ಐನೂರು ವರ್ಷ ಇಂಥ ಪ್ರತಿಯೊಂದು ಗಳಿಗೆಯಲ್ಲೂ ಓಡಿದವಳು ಈ ಸಲ ಬಾಗಿಲು ತೆರೆದು ಒಳಗೆ ಬರುತ್ತಾಳೆ. ಮಗಳ ತಲೆ ನೇವರಿಸುತ್ತ, ತಾವಿಬ್ಬರೂ ಅಗಲದೇ ಇದ್ದಿದ್ದರೆ ಒಂದು ಸಾಮಾನ್ಯ ದಿನ ಹೇಗಿರುತ್ತಿತ್ತು ಎಂಬುದನ್ನು ನೆನಪಿನಂತೆ ಅವಳ ಮನಸ್ಸಿನಲ್ಲಿ ಮೂಡಿಸುತ್ತಾಳೆ. ತಾಯಿ ಪುಟ್ಟ ಮಗಳನ್ನು ಮಲಗಿಸುವ ದಿನ ಅದು, ಅಷ್ಟೇ. ಮಗಳ ಉಸಿರು ನಿಂತ ಮೇಲೆ ಸ್ಟೆಫನ್ ಚೂರಿಯಿಂದ ಆಕೆಯನ್ನು ಕೊನೆಗಾಣಿಸುತ್ತಾನೆ. ಇಷ್ಟು ಕಾಲ ಬೇರೆಯವರನ್ನು ಒಪ್ಪಿಸುತ್ತ ಬಂದವಳು ತನ್ನನ್ನು ತಾನು ಒಪ್ಪಿಸಿಕೊಂಡದ್ದು ಅಲ್ಲಿ, ಮಗುವನ್ನು ಎತ್ತಿಕೊಳ್ಳಲು ಬಿಡದ ಆ ದಿನಕ್ಕೆ ಸಂಬಂಧಪಟ್ಟವಳಿಗಾಗಿ.

ಸ್ಟೆಫನ್‌ಗಾಗಿ ಆಕೆ ಇದನ್ನು ಮಾಡಲಿಲ್ಲ. 1864ರ ರಸ್ತೆಯನ್ನೂ 2014ರಲ್ಲಿ ಪ್ರಸಾರವಾದ ಈ ಕೋಣೆಯನ್ನೂ ಅಕ್ಕಪಕ್ಕ ಇಟ್ಟರೆ ನಿಮ್ಮ ಪ್ರಶ್ನೆಯ ಮೊದಲರ್ಧಕ್ಕೆ ಉತ್ತರ ಸಿಗುತ್ತದೆ. ದ್ವಿತೀಯಾರ್ಧಕ್ಕೆ, ಆಕೆ ಬರೀ ಸ್ವಾರ್ಥಿಯಾಗಿದ್ದರೆ ಈ ಕೋಣೆಗೆ ಬರುತ್ತಲೇ ಇರಲಿಲ್ಲ ಎಂಬುದು ಉತ್ತರ. ಹಾಗೆಂದು ಆಕೆ ಶುದ್ಧಳಾಗಿ ಸತ್ತಳೆಂದೂ ಹೇಳಲಾಗದು. ಸಾಯುವ ಮೊದಲೇ ಎಲೆನಾಳ ದೇಹಕ್ಕೆ ವಿಷದ ಸೋಂಕು ಚುಚ್ಚಿಟ್ಟಿದ್ದಳು. ಮಗಳ ಬಳಿಗೆ ಬಂದ ತಾಯಿ, ವಿಷವಿಟ್ಟ ವೈರಿ, ಇಬ್ಬರೂ ಒಂದೇ ಸಂಜೆಯ ಒಬ್ಬಳೇ ಹೆಂಗಸು ಎಂಬುದನ್ನು ಬರಹಗಾರರು ಮರೆಮಾಚದಿರುವುದು ನನಗೆ ಬಹಳ ಮೆಚ್ಚುಗೆಯಾಯಿತು.

2017ರ ಕೊನೆಯ ಕಂತಿನಲ್ಲಿ ಆಕೆಯನ್ನು ನರಕದ ಒಡತಿಯನ್ನಾಗಿಸಿ ಊರನ್ನೇ ಸುಡಲು ಕಳಿಸಿದ್ದನ್ನು ನಾನು ಈ ಲೆಕ್ಕಕ್ಕೆ ಸೇರಿಸಿಲ್ಲ. ಅಲ್ಲಿ ಆಕೆಗೆ ಒಂದು ಕಾರಣವನ್ನೂ ಕೊಟ್ಟಿಲ್ಲ, ನಾಡಿಯಾಳ ಹೆಸರಿಗೂ ತೂಕವಿಲ್ಲ; ಅದು ಕಥೆ ಮುಗಿಸಲು ಬೇಕಾದ ಬೆಂಕಿ. ನೀವು ಮತ್ತೊಮ್ಮೆ ನೋಡುವುದಾದರೆ ಎರಡನೆಯ ಸೀಸನ್ನಿನ 9ನೆಯ ಕಂತನ್ನೂ ಐದನೆಯ ಸೀಸನ್ನಿನ 15ನೆಯ ಕಂತನ್ನೂ ಒಂದೇ ರಾತ್ರಿ ನೋಡಿ. ಮೊದಲನೆಯದರಲ್ಲಿ ಗೋರಿಯೊಳಗೆ ಬತ್ತಿ ಕುಳಿತ ಕ್ಯಾಥರಿನ್, ಹೊಸ್ತಿಲಾಚೆಯಿಂದ ಎಲೆನಾ ಸರಿಸುವ ಪುಟ್ಟ ಲೋಟದ ರಕ್ತಕ್ಕಾಗಿ ತನ್ನ ಕಥೆಯನ್ನು ಮಾರುತ್ತಿರುತ್ತಾಳೆ; ಕೂಸಿನ ಮಾತು ಬಂದಾಗ ಆಕೆಯ ದನಿ ಏನಾಗುತ್ತದೆ ಎಂಬುದನ್ನು ಗಮನವಿಟ್ಟು ಕೇಳಿ.