ಪದ್ಮಿನಿಗೆ ಎಲ್‌ಇಡಿ ಕಣ್ಣು ಹಾಕಿಸಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ಅಪ್ಪ ಓಡಿಸುತ್ತಿದ್ದ 1984ರ ಪ್ರೀಮಿಯರ್ ಪದ್ಮಿನಿ ಈಗ ನನ್ನ ಹತ್ತಿರ ಇದೆ. ಗಾಡಿ ಗಟ್ಟಿಯಾಗಿದೆ, ತೊಂದರೆ ರಾತ್ರಿ ಮಾತ್ರ. ಮುಧೋಳದಿಂದ ಜಮಖಂಡಿಗೆ ಹೋಗುವಾಗ ಹೆಡ್‌ಲೈಟ್ ಚಿಮಣಿ ದೀಪದ ಹಾಗೆ ಉರಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ಕೆಂಪು ದೀಪವೂ ಇಲ್ಲದ ಡಬಲ್ ಟ್ರಾಲಿ ಟ್ರ್ಯಾಕ್ಟರ್ ಮೂಗಿನ ಹತ್ತಿರ ಬಂದ ಮೇಲೇ ಕಾಣುವುದು. ಎಲ್‌ಇಡಿ ಬಲ್ಬ್ ಹಾಕಿಸು ಅಂತಾರೆ ಗೆಳೆಯರು, ವೈರಿಂಗ್ ಸುಟ್ಟುಹೋಗುತ್ತದೆ ಅಂತಾನೆ ಮಿಸ್ತ್ರಿ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದ್ದೂ ಬೇಡ. ಮೊದಲು ಒಂದು ಮಲ್ಟಿಮೀಟರ್ ತನ್ನಿ. ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ, ಬ್ಯಾಟರಿ ಮೇಲೆ ಎಷ್ಟು ವೋಲ್ಟ್ ಇದೆ, ಬಲ್ಬಿನ ಹಿಂದಿನ ಪಿನ್ನಿನಲ್ಲಿ ಎಷ್ಟು ಇದೆ ಅಂತ ಎರಡೂ ಕಡೆ ನೋಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಕಳ್ಳ ವೈರಿಂಗಿನಲ್ಲೇ ಇದ್ದಾನೆ. ಹಳೆಯ ಗಾಡಿಗಳಲ್ಲಿ ಹೆಡ್‌ಲೈಟಿನ ಕರೆಂಟೆಲ್ಲ ಸ್ವಿಚ್ಚಿನ ಒಳಗಿಂದಲೇ ಹಾದು ಹೋಗುತ್ತದೆ, ನಲವತ್ತು ವರ್ಷದಲ್ಲಿ ಆ ಸ್ವಿಚ್ಚಿನ ಪಾಯಿಂಟ್ ಕರಿಕಾಗಿ, ಅರ್ಥಿಂಗ್ ಬೋಲ್ಟ್ ತುಕ್ಕು ಹಿಡಿದು, ಬಲ್ಬಿಗೆ ಮುಟ್ಟುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. 12 ವೋಲ್ಟಿನ ಜಾಗದಲ್ಲಿ ಹತ್ತೂವರೆ ಸಿಕ್ಕರೆ ಹ್ಯಾಲೋಜನ್ ಬಲ್ಬಿನ ಬೆಳಕಿನಲ್ಲಿ ಮೂರರಲ್ಲೊಂದು ಪಾಲು ಹೋಯಿತು ಅಂತಲೇ ಲೆಕ್ಕ.

ಇದಕ್ಕೆ ಮದ್ದು ರಿಲೇ, ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪದ ದೊಡ್ಡ ಕರೆಂಟನ್ನು ಬ್ಯಾಟರಿಯಿಂದ ನೇರ ಹಾಯಿಸುವ ಪುಟ್ಟ ಡಬ್ಬಿ. ಅಪ್ಪರ್‌ಗೊಂದು (ದೂರದ ಬೆಳಕು), ಡಿಪ್ಪರ್‌ಗೊಂದು (ಹತ್ತಿರದ, ತಗ್ಗಿದ ಬೆಳಕು). ಬ್ಯಾಟರಿಯಿಂದ ಫ್ಯೂಸ್ ಮೂಲಕ ರಿಲೇಯ ಮೇಲೆ 30 ಅಂತ ಬರೆದಿರುವ ಪಿನ್ನಿಗೆ ದಪ್ಪ ವೈರು, 87ರಿಂದ ದೀಪಕ್ಕೆ, 86ಕ್ಕೆ ಹಳೆಯ ಸ್ವಿಚ್ಚಿನ ವೈರು, 85 ಗಾಡಿಯ ಲೋಹದ ಮೈಗೆ, ಅಂದರೆ ಅರ್ಥಿಂಗಿಗೆ. ಒಂದು ಮಧ್ಯಾಹ್ನದ ಕೆಲಸ. ಇಷ್ಟು ಮಾಡಿಸಿ ಒಳ್ಳೆಯ 60/55 ವ್ಯಾಟಿನ ಎಚ್4 ಬಲ್ಬ್ (ಅಪ್ಪರ್, ಡಿಪ್ಪರ್ ಎರಡರ ತಂತಿಯೂ ಒಂದರಲ್ಲೇ ಇರುವ ಹ್ಯಾಲೋಜನ್) ಹಾಕಿದರೆ ಎಷ್ಟೋ ಜನಕ್ಕೆ ಎಲ್‌ಇಡಿ ನೆನಪೇ ಆಗುವುದಿಲ್ಲ.

ನಿಮ್ಮ ಮಿಸ್ತ್ರಿ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅದು 100/90 ವ್ಯಾಟಿನ ಹ್ಯಾಲೋಜನ್ ಬಲ್ಬಿನ ಮಾತು. ವೈರು ಕರಗಿಸುವುದು ಅದು. ಎಲ್‌ಇಡಿ ಎಳೆಯುವ ಕರೆಂಟ್ ಕಡಿಮೆ, ಬ್ಯಾಟರಿ ಚಾರ್ಜ್ ಮಾಡಲು ಹಳೆಯ ಕಾಲದ ಡೈನಮೋ ಇರುವ ಗಾಡಿಗೆ ಅದೇ ದೊಡ್ಡ ಲಾಭ. ಸಿಗ್ನಲ್ಲಿನಲ್ಲಿ ನಿಂತಾಗ ಡೈನಮೋ ಚಾರ್ಜ್ ಮಾಡುವುದೇ ಇಲ್ಲ ಅಲ್ವಾ.

ಇನ್ನು ಗೆಳೆಯರ ಮಾತು. ಹಳೆಯ ಡೂಮಿಗೆ, ಅಂದರೆ ಬೆಳಕನ್ನು ಮುಂದಕ್ಕೆ ತಳ್ಳುವ ಕನ್ನಡಿ ಹೊಳಪಿನ ಬೋಗುಣಿಗೆ, ಎಲ್‌ಇಡಿ ಬಲ್ಬ್ ಮಾತ್ರ ತುರುಕಬೇಡಿ. ನಾನು ಮಾಡಿ ನೋಡಿದ್ದೇನೆ. ಅಂಗಡಿಯವನು ‘ಹಗಲು ಮಾಡಿಬಿಡ್ತದ ನೋಡ್ರಿ’ ಅಂದಿದ್ದ. ಗೋಡೆಯ ಮೇಲೆ ಹಗಲೇ. ಜಾಂಬೋಟಿ ದಾಟಿ ಚೋರ್ಲಾ ಘಾಟಿಗೆ ಇಳಿದೆ ನೋಡಿ, ಮಳೆ ಬೇರೆ, ಎದುರಿಗಿದ್ದ ಮರಗಳ ತುದಿ ಬೆಳಗುತ್ತಿತ್ತು, ರಸ್ತೆ ಕರ್ರಗೆ. ಒಬ್ಬ ಲಾರಿ ಡ್ರೈವರ್ ಡಿಪ್ಪರ್ ಹೊಡೆದು ಹೊಡೆದು ಸಾಕಾಗಿ, ಗಾಡಿ ಅಡ್ಡ ನಿಲ್ಲಿಸಿ ಬೈದ. ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೆ. ಎಚ್4 ಬಲ್ಬಿನಲ್ಲಿ ಡಿಪ್ಪರ್ ತಂತಿಯ ಕೆಳಗೆ ಒಂದು ಪುಟ್ಟ ತಗಡಿನ ಬಟ್ಟಲು ಇರುತ್ತದೆ, ಬೆಳಕು ಮೇಲಕ್ಕೆ ಹೋಗದಂತೆ ತಡೆಯುವುದು ಅದು. ಡೂಮನ್ನು ಆ ಸಣ್ಣ ತಂತಿ ಇರುವ ಜಾಗದ ಲೆಕ್ಕದಲ್ಲೇ ಮಾಡಿರುತ್ತಾರೆ. ಪಟ್ಟಿಯ ಎರಡೂ ಬದಿಗೆ ಚಿಪ್ ಅಂಟಿಸಿದ ಎಲ್‌ಇಡಿ ಬಲ್ಬಿಗೆ ಆ ಲೆಕ್ಕ ಕೂಡುವುದಿಲ್ಲ.

ಹಾಕಲೇಬೇಕು ಅಂದರೆ ಇಡೀ 7 ಇಂಚಿನ ಗುಂಡು ಹೆಡ್‌ಲೈಟ್ ಯೂನಿಟ್ಟನ್ನೇ ಬದಲಿಸಿ. ಜೀಪಿಗೆ ಸಿಗುವಂಥದ್ದೇ. ಕೊಳ್ಳುವ ಮುಂಚೆ ಗಾಡಿಯಲ್ಲಿ ಹೆಡ್‌ಲೈಟ್ ಕೂರುವ ಹಿಂದಿನ ಬಟ್ಟಲಿನ ಆಳ ಅಳೆದುಕೊಳ್ಳಿ, ಎಲ್‌ಇಡಿಯ ಬೆನ್ನಿಗೆ ಬಿಸಿ ಹೊರಹಾಕುವ ಅಲ್ಯೂಮಿನಿಯಂ ರೆಕ್ಕೆಗಳಿರುತ್ತವೆ, ತಾಗಿದರೆ ಕೂರುವುದಿಲ್ಲ. ಎಡಬದಿ ಸಂಚಾರಕ್ಕೆ ಮಾಡಿದ್ದೇ ಇರಲಿ. ಅಮೆರಿಕದ ಮಾಲು ಬಲಗಡೆ ಬೆಳಕು ಜಾಸ್ತಿ ಬಿಡುತ್ತದೆ, ಅಂದರೆ ಎದುರಿನವನ ಕಣ್ಣಿಗೆ. ಗಾಜಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ‘E’ ಗುರುತು, ಎದುರು ನಿಂತು ನೋಡಿದರೆ ನಿಮ್ಮ ಬಲಕ್ಕೆ ತಿರುಗಿದ ಬಾಣ, ಇವೆರಡೂ ಇದ್ದರೆ ಸರಿ. ನೀಲಿ ಛಾಯೆಯದ್ದು ಬೇಡ, ಮಳೆಯಲ್ಲಿ ನಿಮಗೇ ಕಿರಿಕಿರಿ.

ಕೂರಿಸಿದ ಮೇಲೆ ಗೋಡೆಗೆ 25 ಅಡಿ ದೂರ, ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ. ಡಿಪ್ಪರಿನ ಮೇಲಂಚು ದೀಪದ ನಡುಮಟ್ಟಕ್ಕಿಂತ 3 ಇಂಚು ಕೆಳಗೆ ಬೀಳಬೇಕು. ಕಣ್ಣು ಕುಕ್ಕುವ ಎಲ್‌ಇಡಿ ಮೇಲೆ 2024ರ ಜುಲೈನಿಂದ ರಾಜ್ಯದ ಪೊಲೀಸರು ಕೇಸು ಹಾಕುತ್ತಿದ್ದಾರೆ, ನೆನಪಿರಲಿ.

ಪ್ರಶ್ನೆ: ವಿಜಯಪುರದಲ್ಲಿ ನನ್ನ ಹತ್ತಿರ ಹಳೆಯ ಮಾರಿಸ್ ಮೈನರ್ ಕಾರು ಇದೆ. ಎಲ್‌ಇಡಿ ಯೂನಿಟ್ ತಂದು ಹಾಕಿದೆ, ಹತ್ತಲೇ ಇಲ್ಲ. ಹಳೆಯ ಬಲ್ಬ್ ಹಾಕಿದರೆ ಸರಿ ಇದೆ.

ಉತ್ತರ: ಡೈನಮೋ ಇರುವ ಮೈನರ್‌ಗಳಲ್ಲಿ ಬ್ಯಾಟರಿಯ ಪ್ಲಸ್ಸನ್ನು ಗಾಡಿಯ ಲೋಹದ ಮೈಗೆ ಜೋಡಿಸಿರುತ್ತಾರೆ. ಬಲ್ಬಿಗೆ ಪ್ಲಸ್ಸೂ ಒಂದೇ ಮೈನಸ್ಸೂ ಒಂದೇ, ಎಲ್‌ಇಡಿಗೆ ಹಾಗಲ್ಲ. ಸುಮ್ನೆ ವೈರು ಅದಲು ಬದಲು ಮಾಡಬೇಡಿ, ಯೂನಿಟ್ಟಿನ ಲೋಹದ ಬೆನ್ನು ಗಾಡಿಯ ಮೈಗೆ ತಾಗಿ ಶಾರ್ಟ್ ಆದೀತು. ಎರಡೂ ರೀತಿಯ ಅರ್ಥಿಂಗಿಗೆ ನಡೆಯುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುವುದನ್ನೇ ತನ್ನಿ. ತಂದಿದ್ದನ್ನು ಅಂಗಡಿಯವನು ವಾಪಸ್ ತಗೊಂಡರೆ ನಿಮ್ಮ ಪುಣ್ಯ.