ಜೂನ್‌ನಲ್ಲಿ ಹೊರಟಿದ್ದೇವೆ; ಸ್ಕಾಟ್ಲೆಂಡಿನ ಹಳ್ಳಿಯ ಹಳೆಯ ಇನ್‌ನಲ್ಲಿ (ಪಬ್ ಇರುವ ತಂಗುಮನೆಯಲ್ಲಿ) ಸಸ್ಯಾಹಾರಿಗಳು ಎರಡು ರಾತ್ರಿ ತಂಗಬಹುದೇ?

ಧಾರಾಳವಾಗಿ ತಂಗಬಹುದು. ಆದರೆ ಕೋಣೆಯ ಫೋಟೊ ನೋಡಿ ಇನ್ ಆರಿಸಬೇಡಿ; ಅಡುಗೆಮನೆ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಮೊದಲು ಕೇಳಿ. ಇದನ್ನು ನಾನು ಕಲಿತದ್ದು ಹಸಿದ ಹೊಟ್ಟೆಯಲ್ಲಿ. ನೀವು ಹೊರಟಿರುವ ಜೂನ್‌ನಲ್ಲಿ ಅಲ್ಲಿ ಹತ್ತು ಗಂಟೆಯಾದರೂ ಕತ್ತಲಾಗುವುದಿಲ್ಲ. ನಾವು ಸೂರ್ಯನನ್ನು ನಂಬಿಕೊಂಡು, ಸಿಕ್ಕಸಿಕ್ಕಲ್ಲಿ ಕಾರು ನಿಲ್ಲಿಸುತ್ತ, ರಾತ್ರಿ ಒಂಬತ್ತೂಕಾಲಿಗೆ ತಲುಪಿದೆವು. ಅಷ್ಟರಲ್ಲಿ ಒಲೆ ಆರಿಸಿ ಅಡುಗೆಯವರು ಮನೆಗೆ ಹೋಗಿದ್ದರು. ಹತ್ತಿರದಲ್ಲಿ ಒಂದು ಅಂಗಡಿಯೂ ಇಲ್ಲ. ಬ್ಯಾಗಿನ ತಳದಲ್ಲಿ ಉಳಿದಿದ್ದ ಕೋಡುಬಳೆಯೇ ಅಂದಿನ ಊಟ.

ಇನ್ ಎಂದರೆ ಕೆಳಗೆ ಪಬ್, ಮೇಲೆ ನಾಲ್ಕಾರು ಕೋಣೆ. ಲೋಮಂಡ್ ಸರೋವರದ ಉತ್ತರಕ್ಕಿರುವ ಡ್ರೋವರ್ಸ್ ಇನ್ 1705ರಷ್ಟು ಹಳೆಯದು. ಹೈಲ್ಯಾಂಡ್ಸ್ ಎಂಬ ಉತ್ತರದ ಗುಡ್ಡಗಾಡಿನ ದನಗಳನ್ನು ದಕ್ಷಿಣದ ಸಂತೆಗಳಿಗೆ ಹೊಡೆದುಕೊಂಡು ಹೋಗುವವರಿಂದ ಅದಕ್ಕೆ ಆ ಹೆಸರು. ಇಂಥ ಕಟ್ಟಡಗಳಲ್ಲಿ ಲಿಫ್ಟ್ ಹುಡುಕಬೇಡಿ, ಮೆಟ್ಟಿಲು ಕಿರುಗುಟ್ಟಿದರೆ ಬೇಸರಿಸಬೇಡಿ. ನಿದ್ದೆ ಮುಖ್ಯವಾದರೆ ಬಾರ್‌ನ ಮೇಲಿನ ಕೋಣೆ ಮಾತ್ರ ಬೇಡ ಎನ್ನಿ, ಪಿಟೀಲು ಶುರುವಾದರೆ ಬೇಗ ನಿಲ್ಲುವುದಿಲ್ಲ.

ಇನ್ನು ಊಟ. ಹ್ಯಾಗಿಸ್ ಎಂದರೆ ಕುರಿಯ ಒಳಾಂಗಗಳ ಖಾದ್ಯ, ಆದರೆ ಅದರ ಸಸ್ಯಾಹಾರಿ ರೂಪ ಈಗ ಬಹಳ ಕಡೆ ಸಿಗುತ್ತದೆ. 1984ರಲ್ಲಿ ಎಡಿನ್‌ಬರೊದ ಸ್ಕಾಟಿಷ್ ಪೊಯೆಟ್ರಿ ಲೈಬ್ರರಿಯ ಉದ್ಘಾಟನೆಗೆಂದು ಮ್ಯಾಕ್‌ಸ್ವೀನ್ ಎಂಬ ಮಾಂಸದಂಗಡಿಯವರೇ ಅದನ್ನು ಮಾಡಿದರಂತೆ! ಓಟ್ಸ್, ಬೇಳೆ, ಬೀನ್ಸ್, ಕರಿಮೆಣಸಿನ ಘಾಟು. ಪಕ್ಕದಲ್ಲಿ ಹಿಸುಕಿದ ಆಲೂಗಡ್ಡೆ ಮತ್ತು ಹಳದಿ ಟರ್ನಿಪ್. ಮಳೆಯಲ್ಲಿ ನೆನೆದು ಬಂದವರಿಗೆ ಅದು ಬಿಸಿಬೇಳೆಬಾತಿನಷ್ಟೇ ಹಿತ. ಆದರೆ ತೊವ್ವೆಯಂತೆ ಕಾಣುವ ಲೆಂಟಿಲ್ ಸೂಪ್ ನೋಡಿ ಹಿಗ್ಗಬೇಡಿ, ಹಳೆಯ ಪದ್ಧತಿಯಲ್ಲಿ ಅದಕ್ಕೆ ಹಂದಿಯ ಮೂಳೆ ಹಾಕುತ್ತಾರೆ. ಕರಿದ ಆಲೂಗಡ್ಡೆಯನ್ನೂ (ಅಲ್ಲಿ ಅದೇ ಚಿಪ್ಸ್) ಕೆಲವರು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಎರಡನ್ನೂ ಕೇಳಿಯೇ ತಿನ್ನಿ. ಬೆಳಿಗ್ಗೆ ಟ್ಯಾಟಿ ಸ್ಕೋನ್ ಸಿಕ್ಕರೆ ಬಿಡಬೇಡಿ: ಆಲೂಗಡ್ಡೆ ಕಲಸಿ ಕಾವಲಿಯಲ್ಲಿ ಸುಟ್ಟ ತ್ರಿಕೋನದ ರೊಟ್ಟಿ. ಚಟ್ನಿಪುಡಿ ಇದ್ದರೆ ಇನ್ನೂ ಒಳ್ಳೆಯದು, ನಾನಂತೂ ಸಂಕೋಚಪಡಲಿಲ್ಲ.

ಸಾಮಾನ್ಯವಾಗಿ ನೀವೇ ಬಾರ್‌ಗೆ ಹೋಗಿ ಮೇಜಿನ ಸಂಖ್ಯೆ ಹೇಳಿ ಆರ್ಡರ್ ಕೊಡಬೇಕು. ಕುಳಿತು ಕಾಯುತ್ತಿದ್ದರೆ ಯಾರೂ ಬರುವುದಿಲ್ಲ, ಅದು ಅಸಡ್ಡೆಯಲ್ಲ. ವಿಸ್ಕಿ ರುಚಿ ನೋಡುವ ಆಸೆಯಿದ್ದರೆ ಮಲಗುವ ಇನ್‌ನಲ್ಲೇ ನೋಡಿ. ಕಾರು ಓಡಿಸುವವರ ರಕ್ತದಲ್ಲಿ ಇರಬಹುದಾದ ಮದ್ಯದ ಮಿತಿಯನ್ನು ಸ್ಕಾಟ್ಲೆಂಡಿನಲ್ಲಿ 2014ರಲ್ಲಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂನಿಂದ 50ಕ್ಕೆ ಇಳಿಸಿದ್ದಾರೆ.

ಗ್ಲೆನ್ಕೋ ಕಣಿವೆಯ ಕಡೆ ಹೋದರೆ ಕ್ಲಾಖಿಗ್ ಇನ್‌ನ ಫಲಕ ನೋಡಿ: ತಿರುಗಾಡಿ ಮಾರುವವರಿಗೂ ಕ್ಯಾಂಬೆಲ್‌ಗಳಿಗೂ ಪ್ರವೇಶವಿಲ್ಲ ಎಂದಿದೆ. 1692ರ ಫೆಬ್ರವರಿಯಲ್ಲಿ ಕ್ಯಾಂಬೆಲ್ ಕುಲದ ಅಧಿಕಾರಿಯೊಬ್ಬನ ಸೈನಿಕರು ಆ ಕಣಿವೆಯ ಮ್ಯಾಕ್‌ಡೊನಾಲ್ಡ್ ಕುಲದವರ ಮನೆಗಳಲ್ಲಿ ಸುಮಾರು ಹನ್ನೆರಡು ದಿನ ಉಂಡು ಮಲಗಿ, ಒಂದು ಬೆಳಗಿನ ಜಾವ ಅವರನ್ನೇ ಕೊಂದರು. ಫಲಕ ಈಗ ತಮಾಷೆಗೆ. ಆದರೂ ಅದನ್ನು ಯಾರೂ ತೆಗೆದಿಲ್ಲ.